ಮೊದಲು ನಗುವವರ ಮಂಡಳ

ತನ್ನ ಮೂಗಿನ ಬಗ್ಗೆ, ಕಿವಿಯ ಬಗ್ಗೆ, ಎತ್ತರದ ಬಗ್ಗೆ ಅಸಮಾಧಾನ ಇಲ್ಲದ ಮನುಷ್ಯ ಸಿಗುವುದು ಕಷ್ಟ. ಆದರೆ ತನ್ನ ನಗುವಿನ ಬಗ್ಗೆ ಅಸಮಾಧಾನ ಇರುವವರು ಕಡಿಮೆ, ಏಕೆಂದರೆ ಯಾರೂ ತಾವು ನಗುವುದನ್ನು ಕೇಳಿಸಿಕೊಂಡಿರುವುದಿಲ್ಲ. ನಗುವಾಗ ಅಷ್ಟು ಪುರಸೊತ್ತು ಎಲ್ಲಿ? ನನ್ನ ನಗು ಹೇಗಿದೆ ಎಂಬುದನ್ನು ಮಾತ್ರ ಊರವರೇ ನನಗೆ ಚಿಕ್ಕಂದಿನಿಂದ ತಿಳಿಸುತ್ತ ಬಂದಿದ್ದಾರೆ. ಅದು ಹಳೆಯ ಹೊಲಿಗೆ ಯಂತ್ರದ ಹಾಗೆ ಶುರುವಾಗುತ್ತದಂತೆ. ಮೊದಲ ನಾಲ್ಕು ಹೊಲಿಗೆ ನಿಧಾನ, ಆಮೇಲೆ ಒಂದೇ ಸಮನೆ ಓಟ, ಕೊನೆಗೆ ದಾರ ಕಡಿದಂತೆ ಒಂದು ಎಳೆದ ಉಸಿರು. ಅದನ್ನು ಕೇಳಿದವರು ನಾನು ಯಾಕೆ ನಕ್ಕೆ ಎಂದು ವಿಚಾರಿಸುವುದಿಲ್ಲ, ತಾವೂ ನಕ್ಕುಬಿಡುತ್ತಾರೆ. ಗದಗಿನಲ್ಲಿ ದೂರದ ಮಾವನೊಬ್ಬ ತೀರಿಕೊಂಡಾಗ ನಾಲ್ಕು ಮಾತಾಡಲು ಎದ್ದ ಹಿರಿಯರು ಸತ್ತವನ ಹೆಸರು ಮರೆತು, ಎದುರಿಗೇ ಕೂತಿದ್ದ ಅವನ ಅಣ್ಣನನ್ನು ಹೊಗಳಿ, ಆ ಅಣ್ಣನ ಆತ್ಮಕ್ಕೇ ಶಾಂತಿ ಕೋರಿದರು. ನಾನು ತಡೆದುಕೊಂಡೆ. ನಿಜವಾಗಿಯೂ ತಡೆದುಕೊಂಡೆ. ಆದರೆ ಆ ಅಣ್ಣ ಕೈಮುಗಿದು ವಂದಿಸಿದಾಗ ಯಂತ್ರ ಶುರುವಾಗಿಯೇ ಬಿಟ್ಟಿತು. ಹೆಣ ಎತ್ತಲು ನಿಂತವರು ನಕ್ಕರು, ಅಳುತ್ತಿದ್ದ ಅತ್ತೆ ಸೆರಗಿನೊಳಗೆ ನಕ್ಕಳು. ಅಂದಿನಿಂದ ನಮ್ಮ ಮನೆಯಲ್ಲಿ ಅಪ್ಪನ ಕಾಯಂ ಆದೇಶ: ಇವನನ್ನು ಮದುವೆಗೆ ಕರೆದುಕೊಂಡು ಹೋಗಿ, ಮಣ್ಣಿಗೆ ಬೇಡ.

ಇಂಥ ನಗುವನ್ನು ಹೊತ್ತುಕೊಂಡು ನಾನು ಬ್ಯಾಂಕಿನ ನೌಕರಿ ಮಾಡುತ್ತ, ವರ್ಗವಾಗಿ ವಡೋದರಾಕ್ಕೆ ಬಂದೆ. ಬಂದ ಮೊದಲ ವರ್ಷ ನಾನು ನಗಲೇ ಇಲ್ಲ ಎಂದರೆ ನೀವು ನಂಬಬೇಕು. ಭಾಷೆ ಬಾರದ ಊರಿನಲ್ಲಿ ನಗುವುದಾದರೂ ಯಾವುದಕ್ಕೆ? ಎಲ್ಲರೂ ನಕ್ಕ ಮೇಲೆ ಹಲ್ಲು ತೋರಿಸಿದರೆ ಅದು ನಗುವಲ್ಲ, ಹಾಜರಿ. ನನ್ನ ಹೆಂಡತಿ ಗಿರಿಜಾ ಬಂದ ಆರು ತಿಂಗಳಲ್ಲಿ ತರಕಾರಿಯವಳ ಜೊತೆ, ಮೇಲಿನ ಮನೆಯವರ ಜೊತೆ ಮಾತಾಡಿ ಮಾತಾಡಿ ಗುಜರಾತಿ ಕಲಿತಳು. ಮಗಳಂತೂ ಕನ್ನಡದಲ್ಲಿ ಕೇಳಿದ್ದಕ್ಕೆ ಗುಜರಾತಿಯಲ್ಲಿ ಉತ್ತರ ಕೊಡಲು ಶುರುಮಾಡಿದಳು. ನಾನು ‘ಕೇಮ್ ಛೋ’, ‘ಮಜಾಮಾ’ ಎಂಬ ಕುಶಲ ಕೇಳುವ ಎರಡು ಮಾತಿನ ಆಚೆಗೆ ದಾಟಲಿಲ್ಲ. ಸಂಜೆ ಬ್ಯಾಂಕಿನಿಂದ ಬಂದು ಬಾಲ್ಕನಿಯ ಈ ತುದಿಯಿಂದ ಆ ತುದಿಗೆ ಅಡ್ಡಾಡುತ್ತಿದ್ದೆ. ಏಳು ಹೆಜ್ಜೆ, ತಿರುಗು, ಏಳು ಹೆಜ್ಜೆ. ಗಿರಿಜಾ ಒಂದು ದಿನ, ಕೂತರೆ ಕುರ್ಚಿ ಕಚ್ಚುತ್ತದೆಯೇ ಎಂದು ಕೇಳಿದಳು. ಕಚ್ಚುತ್ತಿತ್ತು.

ಗುಜರಾತಿನಲ್ಲಿ ಜನ ವಸತಿ ಬಡಾವಣೆಗೆ ಸೊಸೈಟಿ ಎನ್ನುತ್ತಾರೆ. ಆದ್ದರಿಂದ ಅಲ್ಲಿ ಪ್ರತಿಯೊಬ್ಬನೂ ಯಾವುದೋ ಒಂದು ಸೊಸೈಟಿಯ ಸದಸ್ಯನಾಗಿಯೇ ಇರುತ್ತಾನೆ. ಅದರೊಳಗೇ ಇನ್ನೊಂದು ಗುಪ್ತ ಸೊಸೈಟಿಗೆ ನಾನು ಸೇರಿದ್ದು ಲಿಫ್ಟಿನ ದೆಸೆಯಿಂದ. ಒಂದು ಬೆಳಿಗ್ಗೆ ಲಿಫ್ಟು ನಡುವೆ ನಿಂತುಬಿಟ್ಟಿತು. ಒಳಗೆ ನಾನು, ದೇವರ ನಾಮ ಹೇಳಲು ಶುರುಮಾಡಿದ ಇಬ್ಬರು ಹೆಂಗಸರು, ಮತ್ತು ಎರಡನೆಯ ಮಹಡಿಯ ಹರ್ಷದ್‌ಭಾಯಿ. ಇವರು ಗುಜರಾತಿ ಸಿನಿಮಾಗಳಿಗೆ ಧ್ವನಿಮುದ್ರಣ ಮಾಡಿ ನಿವೃತ್ತರಾದ, ತೆಳ್ಳಗಿನ, ಕಿವಿಯಲ್ಲಿ ಕೂದಲು ಬೆಳೆದ ಮನುಷ್ಯ. ಹೊರಗಿನಿಂದ ಕಾವಲುಗಾರ, ನೀವು ಯಾವ ಮಹಡಿಯಲ್ಲಿದ್ದೀರಿ ಎಂದು ಹಿಂದಿಯಲ್ಲಿ ಕೂಗಿ ಕೇಳಿದ. ಹರ್ಷದ್‌ಭಾಯಿ ಗಂಭೀರವಾಗಿ, ಎರಡೂವರೆ ಎಂದರು. ಒಂದು ವರ್ಷ ಕಟ್ಟಿಟ್ಟಿದ್ದ ನಗು ಅಲ್ಲಿ ಒಡೆಯಿತು. ಹೆಂಗಸರು ದೇವರನ್ನು ಬಿಟ್ಟು ನಗತೊಡಗಿದರು. ಹೊರಗೆ ಏನೂ ಕಾಣದ ಕಾವಲುಗಾರನೂ ನಕ್ಕ. ಹರ್ಷದ್‌ಭಾಯಿ ಒಬ್ಬರು ಮಾತ್ರ ನಗದೆ, ಅಕ್ಕಸಾಲಿ ಒಡವೆಯನ್ನು ನೋಡುವ ಹಾಗೆ ನನ್ನ ಗಂಟಲನ್ನೇ ನೋಡುತ್ತಿದ್ದರು.

ಅದೇ ವಾರ ಚಹಾಕ್ಕೆ ಕರೆದು ಬಾಗಿಲು ಹಾಕಿಕೊಂಡು ಅವರು ಹೇಳಿದ ಸಂಗತಿಯನ್ನು ನಾನು ಯಾರಿಗೂ ಹೇಳುವುದಿಲ್ಲ ಎಂದು ಹಳೆಯ ಫಿಲಂ ಡಬ್ಬಿಯ ಮೇಲೆ ಕೈಯಿಟ್ಟು ಆಣೆ ಮಾಡಿದ್ದೇನೆ. ಈಗ ನಿಮಗೆ ಹೇಳುತ್ತಿದ್ದೇನೆ. ಸಿನಿಮಾದವರ ನಡುವೆ ಒಂದು ಮಂಡಳವಿತ್ತು. ಹನ್ನೊಂದು ಜನ. ಎಲ್ಲರೂ ಒಂದು ಕಾಲಕ್ಕೆ ಚಿತ್ರರಂಗದಲ್ಲಿ ದುಡಿದವರು: ಪೋಸ್ಟರು ಬರೆಯುತ್ತಿದ್ದವರು, ಬಣ್ಣ ಹಚ್ಚುತ್ತಿದ್ದವರು, ಪ್ರೊಜೆಕ್ಟರು ನಡೆಸುತ್ತಿದ್ದವರು. ಸಿನಿಮಾ ಬಿಡುಗಡೆಗೆ ಮುಂಚೆ ವಿತರಕರಿಗೆ ತೋರಿಸುವ ಪ್ರದರ್ಶನವಿರುತ್ತದಲ್ಲ, ಅಲ್ಲಿಗೆ ಇವರು ಬೇರೆ ಬೇರೆ ಬಾಗಿಲಿನಿಂದ ಬಂದು ಬೇರೆ ಬೇರೆ ಸಾಲಿನಲ್ಲಿ ಕೂತು, ನಗಬೇಕಾದಲ್ಲಿ ಮೊದಲು ನಗುತ್ತಾರೆ. ಅಷ್ಟೇ ಕೆಲಸ. ಜನಕ್ಕೆ ನಗು ಬಂದಿರುತ್ತದೆ, ಧೈರ್ಯ ಬಂದಿರುವುದಿಲ್ಲ, ಯಾರಾದರೂ ಬಾಗಿಲು ತೆರೆಯಬೇಕು ಎಂಬುದು ಹರ್ಷದ್‌ಭಾಯಿಯ ಸಿದ್ಧಾಂತ. ಕೊಡುವ ಪ್ರತಿಫಲ ಚಹಾ ಮತ್ತು ಒಂದು ತಟ್ಟೆ ಖಮಣ್ ತಿಂಡಿ. ಹೊರಗೆ ಯಾರಿಗೂ, ಹೆಂಡತಿಗೂ, ಹೇಳಕೂಡದು. ನಗು ಬಾಡಿಗೆಯದು ಎಂದು ತಿಳಿದ ದಿನ ಅದರ ಹಿಂದೆ ಯಾರೂ ಬರುವುದಿಲ್ಲ. ನನಗೆ ಗುಜರಾತಿ ಬಾರದಲ್ಲ ಎಂದೆ. ಅದಕ್ಕೇನಂತೆ, ನಾನು ಹಿಂದಿನ ಸಾಲಿನಲ್ಲಿ ಕೂತು ಕೆಮ್ಮುತ್ತೇನೆ, ಆಗ ನಗಿ ಎಂದರು.

ನೀವು ನಗಬಹುದು. ಆದರೆ ನಲವತ್ತಾರು ವರ್ಷ ಎಲ್ಲರೂ ತಡಿ, ತಡಿ ಎಂದ ವಸ್ತುವನ್ನು ಒಬ್ಬ ಮನುಷ್ಯ ಕೊಡಿ, ಕೊಡಿ ಎಂದು ಕೇಳಿದಾಗ ಆಗುವ ಹಿಗ್ಗು ನಿಮಗೆ ಗೊತ್ತಿಲ್ಲ. ನಾನು ಮರುಮಾತಿಲ್ಲದೆ ಒಪ್ಪಿದೆ.

ಬ್ಯಾಂಕಿಗೆ ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆ. ಆ ದಿನಗಳಲ್ಲಿ ಮಂಡಳದ ಕೆಲಸ. ಮನೆಯಲ್ಲಿ ಆಡಿಟ್ ಎಂದು ಹೇಳಿದೆ. ಸುಳ್ಳು ಹೇಳುವುದು ಸುಲಭ, ಸಾಕುವುದು ಕಷ್ಟ. ಸೂರತ್ತಿಗೆ ಹೋಗುವ ದಿನ ಅಂಕಲೇಶ್ವರದ ಶಾಖೆ, ಅಹಮದಾಬಾದಿಗೆ ಹೋಗುವ ದಿನ ನಡಿಯಾದ್ ಶಾಖೆ. ರೈಲಿನ ದಿಕ್ಕಾದರೂ ನಿಜವಿರಲಿ ಎಂಬುದು ನನ್ನ ಪ್ರಾಮಾಣಿಕತೆ. ಅಂಕಲೇಶ್ವರದ ಮ್ಯಾನೇಜರನಿಗೆ ಒಂದು ಸಕ್ಕರೆ ಕಾಯಿಲೆ ಕೊಟ್ಟೆ. ಗಿರಿಜಾ ಕೇಳಲಿಲ್ಲ, ನಾನಾಗಿಯೇ ಕೊಟ್ಟೆ. ಎರಡು ತಿಂಗಳ ಮೇಲೆ ಅವನ ಮಗಳಿಗೆ ಗಂಡು ಹುಡುಕಬೇಕಾಯಿತು. ಮನೆಗೆ ಬರುವ ಮೊದಲು ಮೆಟ್ಟಿಲ ಮೇಲೆ ನಿಂತು ಕೂದಲು ಕೆದರಿಕೊಂಡು, ಜೇಬಿನಲ್ಲಿಟ್ಟುಕೊಂಡ ಸ್ಟಾಂಪ್ ಪ್ಯಾಡಿಗೆ ಹೆಬ್ಬೆರಳು ಒತ್ತಿ ಮಸಿ ಮಾಡಿಕೊಳ್ಳುತ್ತಿದ್ದೆ. ಗಿರಿಜಾ ಬಾಗಿಲು ತೆರೆದು ಬೆರಳು ನೋಡಿ, ಕೈ ತೊಳೆದುಕೊಂಡು ಬನ್ನಿ ಎನ್ನುತ್ತಿದ್ದಳು. ಮೂರನೆಯ ವಾರ ಬಂತೆಂದರೆ ಮತ್ತೆ ಚಡಪಡಿಕೆ: ಕರೆ ಬರುತ್ತದೋ ಇಲ್ಲವೋ, ಫೋನು ಸುಮ್ಮನಿದ್ದರೆ ಕೆಟ್ಟಿದೆಯೋ ಎಂದು ನನ್ನ ಇನ್ನೊಂದು ನಂಬರಿನಿಂದ ನಾನೇ ಕರೆ ಮಾಡಿ ನೋಡುತ್ತಿದ್ದೆ.

ಹೀಗಿರುವಾಗ ಸೂರತ್ತಿನ ವರಾಛಾದಲ್ಲಿ ಒಂದು ಪ್ರದರ್ಶನ. ಹೇತಲ್‌ಬೆನ್ ಎಂಬ ಹೊಸ ನಿರ್ದೇಶಕಿಯ ಮೊದಲ ಚಿತ್ರ. ವಜ್ರಕ್ಕೆ ಸಾಣೆ ಹಿಡಿಯುವ ಕಾರಿಗರನೊಬ್ಬನ ಕತೆ. ಸಭಾಂಗಣದ ಅರ್ಧ ಜನ ಅದೇ ಬೀದಿಗಳ ವಜ್ರದ ಕಾರ್ಖಾನೆಗಳಿಂದ ಸಂಸಾರ ಸಮೇತ ಬಂದವರು, ಮುಂದಿನ ಸಾಲಿನಲ್ಲಿ ವಿತರಕರು. ಚಿತ್ರ ತೀರಾ ದುಃಖದ್ದಾಯಿತೆಂದು ಹೆದರಿದ ನಿರ್ಮಾಪಕ, ನಿರ್ದೇಶಕಿಗೆ ತಿಳಿಸದೆ ಮಂಡಳವನ್ನು ಕರೆಸಿದ್ದ. ಮೂರು ಕಡೆ ಮಾತ್ರ ನಗಬೇಕು, ಉಳಿದಂತೆ ಬಾಯಿ ಮುಚ್ಚಿಕೊಂಡಿರಬೇಕು ಎಂದು ಹರ್ಷದ್‌ಭಾಯಿ ತಾಕೀತು ಮಾಡಿದ್ದರು.

ಎರಡು ಕೆಮ್ಮು, ಎರಡು ನಗು ಸರಿಯಾಗಿಯೇ ನಡೆದವು. ಆಮೇಲೆ ಕತೆಯಲ್ಲಿ ಕಾರ್ಖಾನೆ ಮುಚ್ಚುತ್ತದೆ. ಕಾರಿಗರ ಅದನ್ನು ಹೆಂಡತಿಗೆ ಹೇಳುವುದಿಲ್ಲ. ದಿನಾ ಬುತ್ತಿ ಹಿಡಿದುಕೊಂಡು ಹೊರಟು, ಯಾವುದೋ ಉದ್ಯಾನದ ಬೆಂಚಿನ ಮೇಲೆ ಕೂತು ಉಂಡು, ಸಂಜೆ ಮನೆಗೆ ಬಂದು ಇವತ್ತು ಎಂಥ ಹರಳು ಬಂದಿತ್ತು, ಸೇಠ್ ಏನೆಂದು ಹೊಗಳಿದರು ಎಂದು ವರ್ಣಿಸುತ್ತಾನೆ. ನನಗೆ ಮಾತು ಪೂರ್ತಿ ತಿಳಿಯದಿದ್ದರೂ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಒಂದು ಸಂಜೆ ಅವನು ಮನೆಯ ಮೆಟ್ಟಿಲ ಬಳಿ ನಿಲ್ಲುತ್ತಾನೆ. ಬಾಗಿಲ ಕಡೆ ನೋಡುತ್ತಾನೆ. ಪಕ್ಕದಲ್ಲಿ ನಿಂತ ಸೈಕಲ್ಲಿನ ಚೈನಿಗೆ ಬೆರಳು ಒರೆಸಿ, ಸಾಣೆಯ ಮುಂದೆ ಕೂತವನ ಹಾಗೆ ಉಗುರುಗಳಿಗೆ ಕಪ್ಪು ಹಚ್ಚಿಕೊಳ್ಳುತ್ತಾನೆ.

ಯಾರೂ ಕೆಮ್ಮಲಿಲ್ಲ. ನನ್ನ ಜೇಬಿನ ಸ್ಟಾಂಪ್ ಪ್ಯಾಡು ತೊಡೆಗೆ ಒತ್ತುತ್ತಿತ್ತು. ನಾಚಿಕೆ ಎಲ್ಲರಿಗೂ ಮುಖ ಕೆಂಪಾಗಿ ಬರುತ್ತದೆ, ನನಗೆ ನಗುವಾಗಿ ಬರುತ್ತದೆ. ಯಂತ್ರ ಶುರುವಾಯಿತು. ನಾಲ್ಕನೆಯ ಹೊಲಿಗೆಗೆ ಮಂಡಳದವರು, ತಮಗೆ ಕೆಮ್ಮು ಕೇಳಿಸದೆ ಹೋಯಿತೆಂದು ಭಾವಿಸಿ ಸೇರಿಕೊಂಡರು. ಆಮೇಲೆ ಇಡೀ ಸಭಾಂಗಣ. ವಿತರಕರು ತಿರುಗಿ ತಿರುಗಿ ನೋಡಿ ಸಂತೋಷದಿಂದ ತೊಡೆ ತಟ್ಟಿಕೊಂಡರು.

ಪ್ರದರ್ಶನ ಮುಗಿದ ಮೇಲೆ ಹೇತಲ್‌ಬೆನ್ ನೇರವಾಗಿ ನನ್ನ ಬಳಿ ಬಂದಳು. ಮೂವತ್ತರ ಹೆಣ್ಣುಮಗಳು, ಕೂದಲನ್ನು ಪೆನ್ಸಿಲಿನಿಂದ ಸಿಕ್ಕಿಸಿ ಕಟ್ಟಿದ್ದಳು. ಬೈಯುತ್ತಾಳೆಂದು ನಾನು ಸಿದ್ಧನಾಗಿದ್ದೆ, ಬೈಯಲಿಲ್ಲ. ಅದು ನನ್ನ ಪಪ್ಪಾ ಎಂದಳು, ಹಿಂದಿಯಲ್ಲಿ. ಅದೇ ಸೂರತ್ತಿನ ಕತಾರ್‌ಗಾಮಿನ ಅವರ ಮನೆಯಲ್ಲಿ ನಡೆದದ್ದೇ ಅದು, ಅವಳಿಗೆ ಆಗ ಹದಿಮೂರು ವರ್ಷ, ಉದ್ಯಾನದಲ್ಲಿ ಕೂತ ಅಪ್ಪನನ್ನು ಅವಳು ಒಮ್ಮೆ ಶಾಲೆಯ ಬಸ್ಸಿನಿಂದ ನೋಡಿದ್ದಳಂತೆ. ಈಗ ವಿತರಕರು ಅದನ್ನು ಹಾಸ್ಯಚಿತ್ರವೆಂದೇ ಕೊಳ್ಳುತ್ತಾರಂತೆ. ದುಃಖದ ಭಾಗ ಕತ್ತರಿಸಿ, ಉಗುರು ಕಪ್ಪು ಮಾಡಿಕೊಳ್ಳುವಲ್ಲಿ ‘ಟೊಂಯ್’ ಎಂಬ ಸದ್ದು ಹಾಕಬೇಕಂತೆ. ಆ ಸದ್ದನ್ನು ಕೂಡಿಸಲು ನಿರ್ಮಾಪಕ ಹರ್ಷದ್‌ಭಾಯಿಯನ್ನೇ ಕೇಳಿದ್ದ. ಅವರು ನನ್ನ ಹಿಂದೆ ತಲೆ ತಗ್ಗಿಸಿ ನಿಂತಿದ್ದರು.

“ಒಂದೇ ಮಾತು ಹೇಳಿ,” ಎಂದಳು. “ನೀವು ಯಾಕೆ ನಕ್ಕಿರಿ?”

ಫಿಲಂ ಡಬ್ಬಿಯ ಆಣೆ ನೆನಪಾಯಿತು. ಆದರೆ ಆ ಮುಖದ ಮುಂದೆ ಇನ್ನೊಂದು ಸುಳ್ಳು ಸಾಕುವ ಶಕ್ತಿ ನನಗಿರಲಿಲ್ಲ. ಜೇಬಿನಿಂದ ಸ್ಟಾಂಪ್ ಪ್ಯಾಡು ತೆಗೆದು ಅವಳ ಕೈಗಿಟ್ಟೆ. ನನ್ನ ಮುರುಕು ಹಿಂದಿಯಲ್ಲಿ ಎಲ್ಲವನ್ನೂ ಹೇಳಿದೆ: ಮಂಡಳ, ಶನಿವಾರ, ಅಂಕಲೇಶ್ವರ, ಮಸಿಯ ಹೆಬ್ಬೆರಳು. ನಿಮ್ಮ ಅಪ್ಪನನ್ನು ನೋಡಿ ನಗಲಿಲ್ಲಮ್ಮಾ, ಸಿಕ್ಕಿಬಿದ್ದೆ, ಅದಕ್ಕೆ ನಕ್ಕೆ ಎಂದೆ. ಅವಳು ಪ್ಯಾಡನ್ನು ತಿರುಗಿಸಿ ತಿರುಗಿಸಿ ನೋಡಿದಳು. ಮುಂದಿನ ಪ್ರದರ್ಶನ ಅಹಮದಾಬಾದಿನಲ್ಲಿ, ಹದಿನೈದು ದಿನಕ್ಕೆ, ಚಿತ್ರವನ್ನು ಇದ್ದ ಹಾಗೆ ಉಳಿಸಿಕೊಳ್ಳಲು ಅದೇ ಕೊನೆಯ ಅವಕಾಶ ಎಂದಳು. ಮಂಡಳ ಬರಕೂಡದು, ನೀವು ಬರಬೇಕು, ನಗಕೂಡದು, ಮತ್ತು ಯಾರಿಗೆ ಸುಳ್ಳು ಹೇಳಿದಿರೋ ಆ ಹೆಂಡತಿಯನ್ನು ಕರೆದುಕೊಂಡು ಬರಬೇಕು. ಯಾಕೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಆ ಹದಿನೈದು ದಿನ ನಾನು ಪಟ್ಟ ಪಾಡು ಹೇಳತೀರದು. ಗಿರಿಜಾಳಿಗೆ ಬೆಳಿಗ್ಗೆ ಹೇಳೋಣ ಎಂದುಕೊಂಡರೆ ಅವಳು ರೊಟ್ಟಿ ಬಡಿಯುತ್ತಿರುತ್ತಿದ್ದಳು. ಕೈಯಲ್ಲಿ ಕಾದ ಹಂಚು ಇರುವಾಗ ಹೇಳುವ ವಿಷಯವಲ್ಲ ಅದು. ಸಂಜೆ ಹೇಳೋಣವೆಂದರೆ ಮಗಳಿರುತ್ತಿದ್ದಳು. ಬ್ಯಾಂಕಿನಲ್ಲಿ ಒಬ್ಬರ ಪಾಸ್‌ಬುಕ್ಕನ್ನು ಇನ್ನೊಬ್ಬರಿಗೆ ಕೊಟ್ಟೆ. ಬಾಲ್ಕನಿಯ ಏಳು ಹೆಜ್ಜೆ ಸಾಲದೆ ಮೆಟ್ಟಿಲು ಹತ್ತಿ ಇಳಿಯತೊಡಗಿದೆ. ಎರಡನೆಯ ಮಹಡಿ ಬಂದಾಗ ಹರ್ಷದ್‌ಭಾಯಿಯೂ ತಮ್ಮ ಬಾಗಿಲ ಮುಂದೆ ಹಾಗೆಯೇ ಅಡ್ಡಾಡುತ್ತಿರುವುದು ಕಂಡಿತು. ಟೊಂಯ್ ಸದ್ದು ತಯಾರಿದೆ, ಹಾಕಲು ಕೈ ಬರುತ್ತಿಲ್ಲ ಎಂದರು. ಕೊನೆಗೆ ಗಿರಿಜಾಳಿಗೆ, ಶನಿವಾರ ಅಹಮದಾಬಾದಿನಲ್ಲಿ ಒಂದು ಸಿನಿಮಾ ಇದೆ, ಹೋಗೋಣ ಎಂದಷ್ಟೇ ಹೇಳಿದೆ. ಆಡಿಟ್ ಇಲ್ಲವೇ ಎಂದು ಅವಳು ಕೇಳಲಿಲ್ಲ. ಅದು ಇನ್ನೂ ಭಯ ಹುಟ್ಟಿಸಿತು.

ಅಹಮದಾಬಾದಿನ ಆ ಚಿಕ್ಕ ಸಭಾಂಗಣದಲ್ಲಿ ವಿತರಕರನ್ನು ಬಿಟ್ಟರೆ ಎಲ್ಲರೂ ಬಿಡಿ ಬಿಡಿಯಾಗಿ ಬಂದ ಅಪರಿಚಿತರು. ಹೇತಲ್‌ಬೆನ್ ಗೋಡೆಗೊರಗಿ ನಿಂತಿದ್ದಳು. ಮೆಟ್ಟಿಲ ದೃಶ್ಯ ಹತ್ತಿರವಾದಂತೆ ನಾನು ಕರವಸ್ತ್ರವನ್ನು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡೆ. ತೆರೆಯ ಮೇಲೆ ಕಾರಿಗರ ಸೈಕಲ್ ಚೈನಿಗೆ ಬೆರಳು ಒರೆಸಿದ. ಟೊಂಯ್ ಕೇಳಿಸಲಿಲ್ಲ, ಹರ್ಷದ್‌ಭಾಯಿ ಹಾಕಿರಲಿಲ್ಲ. ಅವನ ಹೆಂಡತಿ ಬಾಗಿಲು ತೆರೆದು ಬೆರಳು ನೋಡಿ ಏನೋ ಅಂದಳು. ಆಗ ಪಕ್ಕದಲ್ಲಿ ಗಿರಿಜಾ ನಕ್ಕಳು. ಅದು ನನ್ನಂಥ ನಗುವಲ್ಲ. ಪರದೆಯ ಹಿಂದೆ ಅಡಗಿ ಕೂತ ಮಗುವಿನ ಪಾದ ಕಂಡಾಗ ತಾಯಿ ನಗುತ್ತಾಳಲ್ಲ, ಅಂಥದು, ಮೆಲ್ಲಗೆ. ಹಿಂದಿನ ಸಾಲಿನ ಒಬ್ಬಾಕೆ ನಕ್ಕಳು. ಇನ್ನೆಲ್ಲೋ ಇನ್ನೊಬ್ಬಳು. ನಕ್ಕವರೇ ಮೂಗು ಒರೆಸಿಕೊಳ್ಳುವ ಸದ್ದೂ ಕೇಳಿಸಿತು.

ಮುಗಿದ ಮೇಲೆ ಹೇತಲ್‌ಬೆನ್ ಗಿರಿಜಾಳನ್ನು ಹುಡುಕಿಕೊಂಡು ಬಂದು ಅದೇ ಪ್ರಶ್ನೆ ಕೇಳಿದಳು. ಇಬ್ಬರೂ ಗುಜರಾತಿಯಲ್ಲಿ ಬಹಳ ಹೊತ್ತು ಮಾತಾಡಿದರು, ನಾನು ಕರವಸ್ತ್ರ ಹಿಂಡುತ್ತ ನಿಂತಿದ್ದೆ. ನಡುವೆ ಹೇತಲ್‌ಬೆನ್ ಮಾತು ನಿಲ್ಲಿಸಿ, ಫೋನು ತೆಗೆದು ದೂರ ಹೋಗಿ ಯಾರೊಂದಿಗೋ ಮಾತಾಡಿ, ಅತ್ತ ಕಣ್ಣು ಒರೆಸಿಕೊಳ್ಳುತ್ತ ಬಂದಳು. ವಾಪಸು ರೈಲಿನಲ್ಲಿ ಕೂತ ಮೇಲೆ ಗಿರಿಜಾ ನನಗೆ ಅದನ್ನು ತಿಳಿಸಿದಳು. ಸಿನಿಮಾದಲ್ಲಿ ಹೆಂಡತಿಗೆ ಕೊನೆಯವರೆಗೂ ವಿಷಯ ಗೊತ್ತಾಗುವುದಿಲ್ಲ. ಗಿರಿಜಾ, ಅದು ಸುಳ್ಳು, ಅವಳಿಗೆ ಮೊದಲೇ ಗೊತ್ತು ಎಂದಳಂತೆ. ಹುಡುಗಿ ನಂಬದೆ ಕತಾರ್‌ಗಾಮಿನಲ್ಲಿದ್ದ ತನ್ನ ತಾಯಿಗೆ ಫೋನು ಮಾಡಿದಳು. ತಾಯಿ, ಗೊತ್ತಿರದೆ ಏನು, ಸೈಕಲ್ ಎಣ್ಣೆಗೆ ಬೇರೆ ವಾಸನೆ ಇರುತ್ತದೆ, ಅದು ಬೇಗ ಹೋಗಲಿ ಅಂತ ನಾನು ಬಟ್ಟೆ ಸೋಪು ಬಚ್ಚಲಲ್ಲಿ ತೆಗೆದಿಡುತ್ತಿದ್ದೆ ಎಂದರಂತೆ. ಇಷ್ಟು ವರ್ಷ ಮಗಳು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

ರೈಲು ಆಣಂದ್ ದಾಟಿತು. ನಾನು ಕಾಲು ಅಲ್ಲಾಡಿಸುತ್ತ ಕೂತಿದ್ದೆ. ಗಿರಿಜಾ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ನಿಲ್ಲಿಸಿದಳು.

“ಆಡಿಟ್ ಮಾಡೋ ಮಂದಿ ಕಿಸೇದಾಗ ಪಾಪ್‌ಕಾರ್ನ್ ಇಟ್ಕೊಂಡು ಬರ್ತಾರೇನ್ರೀ? ಪ್ರತಿ ಸಲ ಅಂಗಿ ಒಗೆಯೋ ಮುಂದ ನಾನs ತಗದು ಚೆಲ್ಲೀನಿ.”

“ಮತ್ತ ಕೇಳಲಿಲ್ಲ ಯಾಕ?”

ಅವಳು ಕಿಟಕಿಯ ಕಡೆ ನೋಡಿದಳು. “ಶನಿವಾರ ಹೋಗಿ ಬಂದ ಮ್ಯಾಲೆ ನಾಲ್ಕು ದಿನ ಮನ್ಯಾಗ ಛಂದ ಇರ್ತಿದ್ರಿ. ಕುಂತು ಊಟ ಮಾಡ್ತಿದ್ರಿ. ಕೇಳಿದ್ರ ಅದೂ ಹೋಗ್ತಿತ್ತು.”

ವಡೋದರಾ ಹತ್ತಿರವಾದಾಗ ಅವಳು ಒಂದೇ ಒಂದು ಸಲ, ಅಂಕಲೇಶ್ವರದ ಮ್ಯಾನೇಜರನ ಮಗಳ ಮದುವೆ ಏನಾಯಿತು ಎಂದು ಕೇಳಿದಳು. ಕೇಳಿ, ಕಿಟಕಿಯ ಗಾಜಿಗೆ ಮುಖ ಹಚ್ಚಿ ಭುಜ ಕುಣಿಸಿಕೊಂಡು ನಕ್ಕಳು.

ಗುಟ್ಟು ಬಿಟ್ಟುಕೊಟ್ಟಿದ್ದಕ್ಕೆ ಮಂಡಳದಿಂದ ನನ್ನನ್ನು ತೆಗೆದುಹಾಕಿದರು. ಆ ತೀರ್ಮಾನವನ್ನು ಹರ್ಷದ್‌ಭಾಯಿಯೇ ಮನೆಗೆ ಬಂದು, ಗಿರಿಜಾ ಕೊಟ್ಟ ಚಹಾ ಕುಡಿಯುತ್ತ, ಬಹಳ ಸಂಕಟದಿಂದ ತಿಳಿಸಿದರು. ಈಗಲೂ ಚಹಾಕ್ಕೆ ಬರುತ್ತಾರೆ. ಹೇತಲ್‌ಬೆನ್ ಒಂದೇ ಒಂದು ದೃಶ್ಯ ಹೊಸದಾಗಿ ಚಿತ್ರೀಕರಿಸಿದಳು: ಗಂಡ ಬರುವ ಹೊತ್ತಿಗೆ ಹೆಂಡತಿ ಬಚ್ಚಲ ಕಟ್ಟೆಯ ಮೇಲೆ ಬಟ್ಟೆ ಸೋಪು ತಂದಿಡುತ್ತಾಳೆ, ಅಷ್ಟೇ. ಅಹಮದಾಬಾದಿನಲ್ಲಿ ನಕ್ಕವರೇ ಮೂಗು ಒರೆಸಿಕೊಂಡದ್ದನ್ನು ಕಂಡ ವಿತರಕರು ಚಿತ್ರವನ್ನು ಇದ್ದ ಹಾಗೆಯೇ ಕೊಂಡರು, ಅವಳ ಅಪ್ಪನ ಯಾವ ಭಾಗವನ್ನೂ ಯಾರೂ ಕತ್ತರಿಸಲಿಲ್ಲ.

ಚಿತ್ರ ಬಿಡುಗಡೆಯಾದಾಗ ನಾವು ವಡೋದರಾದಲ್ಲಿ ಟಿಕೆಟ್ ತೆಗೆದುಕೊಂಡು ಹೋದೆವು. ತುಂಬಿದ ಸಭಾಂಗಣ. ಸೋಪಿನ ದೃಶ್ಯಕ್ಕೆ ಜನ ತಾವಾಗಿಯೇ ಹೋ ಎಂದು ನಕ್ಕರು, ಯಾರೂ ಯಾರಿಗೂ ದಾರಿ ತೋರಿಸಬೇಕಾಗಲಿಲ್ಲ. ಗಿರಿಜಾ ನಕ್ಕಳು, ಮಗಳು ನಕ್ಕಳು. ನನಗೊಬ್ಬನಿಗೇ ನಗು ಬರಲಿಲ್ಲ, ಹೆಬ್ಬೆರಳು ಉಜ್ಜಿಕೊಳ್ಳುತ್ತ ಕೂತಿದ್ದೆ. ಬಲಗಡೆ ಕೂತಿದ್ದ ದಪ್ಪ ಮೀಸೆಯ ಗೃಹಸ್ಥರು ನಕ್ಕು ಸುಸ್ತಾಗಿ ನನ್ನ ಕಡೆ ತಿರುಗಿದರು. ನನ್ನ ಮುಖ ನೋಡಿ ಅವರಿಗೆ ಕನಿಕರವಾಯಿತು. ದಕ್ಷಿಣದವರೇ ಎಂದು ಕೇಳಿ, ಹೌದೆಂದ ಮೇಲೆ ನನ್ನತ್ತ ಬಗ್ಗಿ, ಮಗುವಿಗೆ ಹೇಳುವಂತೆ ಬಿಡಿಸಿ ಬಿಡಿಸಿ ಹಿಂದಿಯಲ್ಲಿ ವಿವರಿಸಿದರು: ನೋಡಿ ಸಾಹೇಬ್, ಗಂಡ ತಾನು ಬಹಳ ಬುದ್ಧಿವಂತ ಅಂದುಕೊಂಡಿದ್ದಾನೆ, ಹೆಂಡತಿಗೆ ಮೊದಲಿನಿಂದಲೂ ಎಲ್ಲಾ ಗೊತ್ತು, ಗೊತ್ತಿಲ್ಲದ್ದು ಆ ಪೆದ್ದನೊಬ್ಬನಿಗೇ, ಅದಕ್ಕೆ ನಗು. ತಿಳಿಯಿತಾ?

ತಿಳಿಯಿತು ಎಂದೆ. ಅವರಿಗೆ ನಂಬಿಕೆ ಬರಲಿಲ್ಲವೆಂದು ಕಾಣುತ್ತದೆ. ಇನ್ನೊಂದು ಸಲ ವಿವರಿಸಿದರು.